ಅಂತರ್ಜಾಲ ಬರವಣಿಗೆಯ ಗಳಿಕೆ: ಸೋತವರು ಕಲಿತದ್ದೇನು?

ಅಂತರ್ಜಾಲದಲ್ಲಿ ಬರೆದು ಹಣ ಗಳಿಸಬಹುದೆಂಬ ಮಾತು ಕೇಳಿಬರಲಾರಂಭಿಸಿ ಎರಡು ದಶಕಗಳು ಕಳೆದಿವೆ. ಮನೆಯಲ್ಲೇ ಕುಳಿತು ಡಾಲರ್ ಎಣಿಸಿದವರ ಕಥೆಗಳು ಬಹುಬೇಗ ಊರೂರು ತಲುಪಿದವು. ವರ್ಷಗಟ್ಟಲೆ ಬರೆದೂ ಒಂದು ಚೆಕ್ಕನ್ನೂ ಕಾಣದವರ ಕಥೆಗಳು ಅಷ್ಟಾಗಿ ಹೊರಬರಲಿಲ್ಲ. ಹೊಸದಾಗಿ ಈ ದಾರಿ ಹಿಡಿಯುವವರಿಗೆ ಉಪಯುಕ್ತವಾದವು ಎರಡನೆಯ ಬಗೆಯ ಕಥೆಗಳೇ. ಸೋತವರಲ್ಲಿ ಅನೇಕರಿಗೆ ಬರೆಯಲು ಬರುತ್ತಿತ್ತು. ಹಣ ಯಾರ ಕೈಯಿಂದ ಹೊರಟು, ಯಾರ ಮೂಲಕ, ಯಾವ ಷರತ್ತಿನ ಮೇಲೆ ತಮ್ಮನ್ನು ತಲುಪುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ.

ನೂರು ಡಾಲರಿನ ಗೆರೆ

2003ರ ಜೂನ್ ತಿಂಗಳಿನಲ್ಲಿ ಗೂಗಲ್ ಸಂಸ್ಥೆ ಆಡ್‌ಸೆನ್ಸ್ ಎಂಬ ಜಾಹೀರಾತು ವ್ಯವಸ್ಥೆಯನ್ನು ಸಣ್ಣ ತಾಣಗಳಿಗೂ ತೆರೆಯಿತು. ಲೇಖಕನು ತನ್ನ ಪುಟದಲ್ಲಿ ಜಾಹೀರಾತಿಗೆ ಜಾಗ ಬಿಟ್ಟುಕೊಡಬೇಕು. ಓದುಗ ಆ ಜಾಹೀರಾತನ್ನು ಕ್ಲಿಕ್ಕಿಸಿದರೆ ಜಾಹೀರಾತುದಾರ ತೆತ್ತ ಹಣದಲ್ಲಿ ಒಂದು ಪಾಲು ಲೇಖಕನಿಗೆ ಸೇರುತ್ತಿತ್ತು. ಖಾತೆಯಲ್ಲಿ ಹತ್ತು ಡಾಲರ್ ಆದಾಗ ವಿಳಾಸ ಪರಿಶೀಲನೆಗೆಂದು ಅಂಚೆಯಲ್ಲಿ ಪಿನ್ ಸಂಖ್ಯೆ ಬರುತ್ತದೆ. ನೂರು ಡಾಲರ್ ದಾಟಿದ ಮೇಲಷ್ಟೇ ಹಣ ಕೈಸೇರುತ್ತದೆ.

ಈ ನೂರರ ಗೆರೆಯೇ ಅನೇಕರನ್ನು ತಡೆದು ನಿಲ್ಲಿಸಿತು. ಸಾವಿರ ಪುಟವೀಕ್ಷಣೆಗೆ ಒಂದು ಡಾಲರ್ ಸಿಗುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೂ ಮೊದಲ ಹಣ ಕಾಣಲು ಒಂದು ಲಕ್ಷ ವೀಕ್ಷಣೆ ಬೇಕು. ತಿಂಗಳಿಗೆ ಎರಡು ಸಾವಿರ ಬಾರಿ ತೆರೆದುಕೊಳ್ಳುವ ತಾಣಕ್ಕೆ ಅದು ನಾಲ್ಕು ವರ್ಷಕ್ಕೂ ಮೀರಿದ ದಾರಿ. ಬರೆಯತೊಡಗುವ ಮುನ್ನ ಈ ಭಾಗಾಕಾರ ಮಾಡಿದವರು ವಿರಳ. ಜಾಹೀರಾತುದಾರ ಕೊಟ್ಟ ಹಣದಲ್ಲಿ ತಮ್ಮ ಪಾಲು ಶೇಕಡಾ 68 ಎಂಬುದೂ ಲೇಖಕರಿಗೆ ತಿಳಿದದ್ದು, ಗೂಗಲ್ ಅದನ್ನು ಬಹಿರಂಗಪಡಿಸಿದ 2010ರ ಮೇ ತಿಂಗಳಿನಲ್ಲಿ. ಅದುವರೆಗಿನ ಏಳು ವರ್ಷ ಸಂಬಳದ ಪ್ರಮಾಣ ಗೊತ್ತಿಲ್ಲದೆಯೇ ದುಡಿಮೆ ನಡೆದಿತ್ತು! ಇನ್ನು ಕ್ಲಿಕ್ಕಿಗೆ ಬದಲಾಗಿ ಜಾಹೀರಾತಿನ ಪ್ರದರ್ಶನಕ್ಕೆ ಹಣ ಕೊಡುವ ಪದ್ಧತಿಯನ್ನು ಸಂಸ್ಥೆ ಘೋಷಿಸಿದ್ದು 2023ರ ನವೆಂಬರಿನಲ್ಲಿ.

ಇನ್ನೊಂದು ಸೋಲು ಪ್ರೀತಿಯಿಂದಲೇ ಬಂದದ್ದು. ಹುಡುಗನ ತಾಣ ಉದ್ಧಾರವಾಗಲಿ ಎಂದು ಅಣ್ಣ, ಅತ್ತಿಗೆ, ಗೆಳೆಯರೆಲ್ಲ ದಿನವೂ ಜಾಹೀರಾತನ್ನು ಕ್ಲಿಕ್ಕಿಸುವುದು. ಇಂಥ ಕ್ಲಿಕ್ಕುಗಳನ್ನು ಗೂಗಲ್ ಅಸಿಂಧುವೆಂದು ಪರಿಗಣಿಸುತ್ತದೆ. ಖಾತೆ ರದ್ದಾದರೆ ಅದರಲ್ಲಿದ್ದ ಅಂತಹ ಹಣ ಜಾಹೀರಾತುದಾರರಿಗೆ ಮರಳುತ್ತದೆ. ನಿಯಮಾವಳಿಯಲ್ಲಿ ಸ್ಪಷ್ಟವಾಗಿಯೇ ಬರೆದಿರುವ ಸಂಗತಿಯಿದು. ಆದರೆ ಉದ್ದನೆಯ ಇಂಗ್ಲಿಷ್ ನಿಯಮಾವಳಿಯನ್ನು ಕೊನೆಯವರೆಗೆ ಓದಿ ಒಪ್ಪಿಗೆ ಒತ್ತುವವರು ಯಾರು?

ಲೇಖನಗಳ ಕಾರ್ಖಾನೆ

ಸ್ವಂತ ತಾಣ ನಡೆಸಲಾಗದವರಿಗೆ ಬೇರೊಂದು ದಾರಿ ಕಂಡಿತು. 2005ರಲ್ಲಿ ಆರಂಭವಾದ ಅಸೋಸಿಯೇಟೆಡ್ ಕಂಟೆಂಟ್, 2006ರಲ್ಲಿ ಬಂದ ಹಬ್‌ಪೇಜಸ್, ಹೀಲಿಯಂ ಮುಂತಾದ ಅಮೆರಿಕದ ತಾಣಗಳು ಯಾರು ಬೇಕಾದರೂ ಬರೆಯಬಹುದೆಂದವು. ಇವುಗಳಲ್ಲೆಲ್ಲ ಹೆಚ್ಚು ಸುದ್ದಿ ಮಾಡಿದ್ದು 2006ರಲ್ಲಿ ಸ್ಥಾಪನೆಯಾದ ಡಿಮಾಂಡ್ ಮೀಡಿಯಾ. ಇದರ ಈಹೌ ತಾಣದಲ್ಲಿ 'ಇದನ್ನು ಮಾಡುವುದು ಹೇಗೆ' ಎಂಬ ಬಗೆಯ ಬರಹಗಳದೇ ರಾಜ್ಯಭಾರ.

ಕೆಲಸದ ವಿಧಾನ ವಿಚಿತ್ರವಾಗಿತ್ತು. ವಿಷಯವನ್ನು ಆರಿಸುತ್ತಿದ್ದುದು ಸಂಪಾದಕನಲ್ಲ, ಗಣಕಯಂತ್ರ. ಜನರು ಹುಡುಕುವ ಪದಗಳೇನು, ಆ ಪದಕ್ಕೆ ಜಾಹೀರಾತುದಾರರು ಕೊಡುವ ಬೆಲೆಯೆಷ್ಟು, ಅದೇ ವಿಷಯದ ಬೇರೆ ಪುಟಗಳು ಎಷ್ಟಿವೆ ಎಂಬುದನ್ನು ತಾಳೆ ನೋಡಿ ಶೀರ್ಷಿಕೆ ಸಿದ್ಧವಾಗುತ್ತಿತ್ತು. ಹವ್ಯಾಸಿ ಬರಹಗಾರ ಅದನ್ನು ಎತ್ತಿಕೊಂಡು ಬರೆದುಕೊಟ್ಟರೆ ಸಾಮಾನ್ಯವಾಗಿ 15 ಡಾಲರ್. 2009ರ ಸುಮಾರಿಗೆ ದಿನಕ್ಕೆ ನಾಲ್ಕು ಸಾವಿರದಷ್ಟು ಬರಹ ಹಾಗೂ ವಿಡಿಯೋಗಳು ಹೀಗೆ ಹೊರಬೀಳುತ್ತಿದ್ದವು. ಒಂದು ಲೇಖನಕ್ಕೆ ಅರ್ಧ ದಿನ ಕಳೆದರೆ ನಷ್ಟ, ಅರ್ಧ ಗಂಟೆಯಲ್ಲಿ ಮುಗಿಸಿದರೆ ಲಾಭ. ಶ್ರದ್ಧೆಯಿಂದ ವಿಷಯ ಸಂಗ್ರಹಿಸಿ ಬರೆಯುವವನಿಗಿಂತ ಅವಸರದಲ್ಲಿ ಸುತ್ತಿ ಹಾಕುವವನಿಗೇ ಅನುಕೂಲವಾದ ಲೆಕ್ಕಾಚಾರವಿದು.

ಆದರೂ ಹೂಡಿಕೆದಾರರು ಮೆಚ್ಚಿದರು. 2011ರ ಜನವರಿಯಲ್ಲಿ ಸಂಸ್ಥೆ ಷೇರುಪೇಟೆಗೆ ಬಂದಾಗ ಅದರ ಮಾರುಕಟ್ಟೆ ಮೌಲ್ಯ ನ್ಯೂಯಾರ್ಕ್ ಟೈಮ್ಸ್ ಕಂಪನಿಯದನ್ನೂ ಮೀರಿತು. ಪತ್ರಿಕಾಲಯಗಳಲ್ಲಿ ಅಂದು ಈ ಸುದ್ದಿ ತಂದ ಕಸಿವಿಸಿ ಸಣ್ಣದಲ್ಲ.

ಪಾಂಡಾ ಕೊಟ್ಟ ಏಟು

ಸರಿಯಾಗಿ ಒಂದು ತಿಂಗಳಿಗೆ, ಅಂದರೆ 2011ರ ಫೆಬ್ರುವರಿ ಕೊನೆಯಲ್ಲಿ, ಗೂಗಲ್ ತನ್ನ ಹುಡುಕಾಟದ ಸೂತ್ರವನ್ನು ಬದಲಿಸಿತು. ಸತ್ವವಿಲ್ಲದ ಪುಟಗಳನ್ನು ಕೆಳಕ್ಕೆ ತಳ್ಳುವ ಈ ಬದಲಾವಣೆಗೆ ಪಾಂಡಾ ಎಂಬ ಹೆಸರು ಬಂದದ್ದು ಸಂಸ್ಥೆಯ ಎಂಜಿನಿಯರೊಬ್ಬರ ಕುಲನಾಮದಿಂದ. ಅಮೆರಿಕದ ಹುಡುಕಾಟಗಳಲ್ಲಿ ಸುಮಾರು ಶೇಕಡಾ 12ರಷ್ಟರ ಫಲಿತಾಂಶ ಏರುಪೇರಾಯಿತು. ಮೊದಲ ಹೊಡೆತದಲ್ಲಿ ಈಹೌ ಪಾರಾದರೂ ಏಪ್ರಿಲ್‌ನಲ್ಲಿ ಸೂತ್ರವು ಜಗತ್ತಿನ ಎಲ್ಲ ಇಂಗ್ಲಿಷ್ ಹುಡುಕಾಟಗಳಿಗೆ ವಿಸ್ತರಿಸಿದಾಗ ಅದಕ್ಕೂ ಪೆಟ್ಟು ಬಿತ್ತು. ಭಾರತದಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆಯುತ್ತಿದ್ದವರ ಪುಟಗಳೂ ಈ ಸೂತ್ರದ ವ್ಯಾಪ್ತಿಗೆ ಬಂದದ್ದು ಆಗಲೇ. 2013ರಲ್ಲಿ ಡಿಮಾಂಡ್ ಮೀಡಿಯಾದ ಮುಖ್ಯಸ್ಥ ರಿಚರ್ಡ್ ರೋಸೆನ್‌ಬ್ಲಾಟ್ ಹುದ್ದೆ ತೊರೆದರು. 2016ರಲ್ಲಿ ಸಂಸ್ಥೆ ಹೆಸರನ್ನೇ ಲೀಫ್ ಗ್ರೂಪ್ ಎಂದು ಬದಲಿಸಿಕೊಂಡಿತು.

ಇದೇ ಏಟು ತಿಂದ ಹಬ್‌ಪೇಜಸ್ ನಡೆದುಕೊಂಡ ರೀತಿ ಬೇರೆ. ಅಲ್ಲಿಯವರೆಗೆ ಎಲ್ಲ ಲೇಖಕರ ಬರಹಗಳೂ ಒಂದೇ ವಿಳಾಸದಡಿ ಇದ್ದವು. ಕಳಪೆ ಬರಹಗಾರರ ಪಾಪ ಒಳ್ಳೆಯವರ ತಲೆಗೂ ಸುತ್ತಿಕೊಂಡಿತ್ತು. 2011ರ ಮಧ್ಯಭಾಗದಲ್ಲಿ ಸಂಸ್ಥೆ ಪ್ರತಿ ಲೇಖಕನಿಗೂ ಪ್ರತ್ಯೇಕ ಉಪವಿಳಾಸ ನೀಡಿತು. ಪರಿಣಾಮ ಕುತೂಹಲಕರ. ಕೆಲವರ ಪುಟಗಳಿಗೆ ಓದುಗರು ಮರಳಿದರು, ಕೆಲವರವಕ್ಕೆ ಮರಳಲೇ ಇಲ್ಲ. ತಮ್ಮ ಬರಹಕ್ಕೆ ನಿಜವಾಗಿ ಬೇಡಿಕೆಯಿತ್ತೋ ಅಥವಾ ತಾಣದ ಹೆಸರಿನ ನೆರಳಿನಲ್ಲಿ ಅದು ಓಡುತ್ತಿತ್ತೋ ಎಂಬುದು ಪ್ರತಿಯೊಬ್ಬರಿಗೂ ಮೊದಲ ಬಾರಿಗೆ ಗೊತ್ತಾಯಿತು. ಸಂಖ್ಯೆ ಹೆಚ್ಚಿಸುವುದನ್ನು ಬಿಟ್ಟು ಹಳೆಯ ಲೇಖನಗಳನ್ನು ತಿದ್ದುವ, ದುರ್ಬಲವಾದವನ್ನು ತೆಗೆದುಹಾಕುವ ರೂಢಿ ಇಂಥ ತಾಣಗಳ ಬರಹಗಾರರಲ್ಲಿ ಬೆಳೆದದ್ದು ಈ ಪೆಟ್ಟಿನ ನಂತರವೇ.

ಕನ್ನಡದ ಪಾಡು

ಕನ್ನಡದಲ್ಲಿ ಬರೆದವರ ಸೋಲಿನ ಕಾರಣಗಳು ಇನ್ನೂ ಮೂಲಭೂತವಾದವು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಮೂಡಿಸಿದ ಪುಟಗಳು ಕಣ್ಣಿಗೆ ಕನ್ನಡವಾದರೂ ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹುಡುಕಿದವರಿಗೆ ಆ ಬರಹ ಸಿಗಲಿಲ್ಲ. ಓದುಗರಿಲ್ಲದ ಮೇಲೆ ಗಳಿಕೆಯ ಮಾತೆಲ್ಲಿ? ಯುನಿಕೋಡ್‌ಗೆ ಬದಲಾದ ನಂತರವಷ್ಟೇ ಈ ತೊಡಕು ನಿವಾರಣೆಯಾಯಿತು.

ಆಡ್‌ಸೆನ್ಸ್ ಮಾನ್ಯ ಮಾಡಿದ ಭಾಷೆಗಳ ಪಟ್ಟಿಯಲ್ಲಿಯೂ ಕನ್ನಡ ಬಹುಕಾಲ ಇರಲಿಲ್ಲ. ಹಿಂದಿಗೆ ಪ್ರವೇಶ ದೊರೆತದ್ದು 2014ರ ಡಿಸೆಂಬರಿನಲ್ಲಿ. ಕನ್ನಡದ ಸರದಿ ಬಂದದ್ದು ಅದರ ಎಷ್ಟೋ ವರ್ಷಗಳ ನಂತರ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್ ಸ್ವಯಂಪ್ರಕಾಶನಕ್ಕೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳನ್ನು ಸೇರಿಸಿಕೊಂಡಾಗಲೂ ಕನ್ನಡ ಹೊರಗೇ ಉಳಿಯಿತು. ಕನ್ನಡ ಬರಹಗಾರನ ಸೋಲನ್ನು ಸೋಮಾರಿತನವೆಂದು ತಳ್ಳಿಹಾಕುವವರು ಈ ದಿನಾಂಕಗಳನ್ನು ಗಮನಿಸುವುದು ಒಳಿತು.

ಜಾಹೀರಾತನ್ನು ನೆಚ್ಚಿ ಸೋತ ಮೇಲೆ ಕಂಡುಬಂದದ್ದು ಓದುಗನೇ ನೇರವಾಗಿ ಹಣ ಕೊಡುವ ದಾರಿ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯು ಅನೇಕ ಭಾರತೀಯ ಭಾಷೆಗಳ ಬರಹಗಾರರನ್ನು ಸೆಳೆಯಿತು. ಮೊದಲ ವರ್ಷಗಳಲ್ಲಿ ಅಲ್ಲಿ ಸಿಗುತ್ತಿದ್ದುದು ಓದುಗರ ಮೆಚ್ಚುಗೆ ಮಾತ್ರ. ಓದುಗರ ಚಂದಾಹಣದಲ್ಲಿ ಲೇಖಕರಿಗೆ ಪಾಲು ಕೊಡುವ ವ್ಯವಸ್ಥೆ ಬಂದದ್ದು 2021ರಲ್ಲಿ. ಇಂಥ ಚಂದಾ ಪದ್ಧತಿಗೆ ಹೆಚ್ಚು ಒಗ್ಗುವುದು ಬಿಡಿ ಲೇಖನಗಳಲ್ಲ, ಕಂತು ಕಂತಾಗಿ ಬರುವ ಕಾದಂಬರಿಗಳು. ಮುಂದಿನ ವಾರದ ಸುಧಾ, ತರಂಗಕ್ಕಾಗಿ ಕಾದು ಧಾರಾವಾಹಿ ಓದಿದ ನಾಡಿಗೆ ಇದು ಹೊಸ ಪಾಠವೇನಲ್ಲ. ನಡುವೆ ಅದು ಮರೆತುಹೋಗಿತ್ತು, ಅಷ್ಟೆ.

ಬಲೆ ಬೀಸುವವರು

ಬರವಣಿಗೆಯ ಆಸೆಯನ್ನೇ ಬಂಡವಾಳ ಮಾಡಿಕೊಂಡ ವಂಚಕರದು ಬೇರೆಯೇ ಅಧ್ಯಾಯ. ನೋಂದಣಿ ಶುಲ್ಕ ಕಟ್ಟಿಸಿಕೊಂಡು ನಾಪತ್ತೆಯಾಗುವುದು ಹಳೆಯ ಉಪಾಯ. ಬೆರಳಚ್ಚು ಕೆಲಸ ಕೊಟ್ಟು, ತಪ್ಪು ಮಿತಿ ಮೀರಿದೆ, ಕರಾರು ಮುರಿದಿದ್ದೀರಿ ಎಂದು ನಕಲಿ ವಕೀಲರ ನೋಟಿಸ್ ಕಳುಹಿಸಿ ದಂಡ ವಸೂಲು ಮಾಡುವುದು ಅದಕ್ಕಿಂತ ಕ್ರೂರವಾದದ್ದು. ಕೆಲಸ ಕೊಡುವವನು ಕೆಲಸಗಾರನಿಂದ ಮುಂಗಡ ಕೇಳಿದ ಕೂಡಲೇ ಮಾತು ನಿಲ್ಲಿಸಬೇಕು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ನೀಡಬಹುದು.

ಮುಚ್ಚಿದ ಬಾಗಿಲುಗಳು

ನಿಷ್ಠೆಯಿಂದ ಬರೆದವರಿಗೂ ತಪ್ಪದ ಸಂಕಟ ತಾಣವೇ ಇಲ್ಲವಾಗುವುದು. 2010ರಲ್ಲಿ ಅಸೋಸಿಯೇಟೆಡ್ ಕಂಟೆಂಟನ್ನು ಕೊಂಡ ಯಾಹೂ ಸಂಸ್ಥೆ ಅದಕ್ಕೆ ಯಾಹೂ ವಾಯ್ಸಸ್ ಎಂದು ಹೆಸರಿಟ್ಟು, 2014ರ ಜುಲೈ 31ರಂದು ಬಾಗಿಲು ಹಾಕಿತು. ಅದೇ ವರ್ಷ ಹೀಲಿಯಂ ಮುಚ್ಚಿತು, ಸ್ಕ್ವಿಡೂ ಎಂಬ ತಾಣ ಹಬ್‌ಪೇಜಸ್‌ನಲ್ಲಿ ವಿಲೀನವಾಯಿತು. ಬರೆದ ಲೇಖನ ವರ್ಷಾನುಗಟ್ಟಲೆ ಬಾಡಿಗೆ ತರುವ ಮನೆಯಿದ್ದಂತೆ ಎಂದು ನಂಬಿದ್ದವರಿಗೆ, ನೆಲ ಬೇರೆಯವರದೆಂದು ಆಗ ಅರಿವಾಯಿತು.

ಗೂಗಲ್‌ನಂಥ ಗೂಗಲ್ ಕೂಡ ಇದಕ್ಕೆ ಹೊರತಲ್ಲ. ವಿಷಯ ಬಲ್ಲವರು ತಮ್ಮ ಹೆಸರಿನಲ್ಲೇ ಮಾಹಿತಿ ಲೇಖನ ಬರೆದು, ಬಯಸಿದರೆ ಜಾಹೀರಾತಿನ ಪಾಲನ್ನೂ ಪಡೆಯಬಹುದಾಗಿದ್ದ ಅದರ ನೋಲ್ ತಾಣ 2008ರ ಜುಲೈನಲ್ಲಿ ಸಾರ್ವಜನಿಕರಿಗೆ ತೆರೆದಿತ್ತು. 2012ರ ಮೇ 1ರಿಂದ ಅದರ ಲೇಖನಗಳು ಓದುಗರಿಗೆ ಕಾಣಿಸದಾದವು. ಬರೆದವರಿಗೆ ತಮ್ಮ ಬರಹಗಳನ್ನು ಇಳಿಸಿಕೊಳ್ಳಲು ಅದೇ ವರ್ಷದ ಅಕ್ಟೋಬರ್ 1ರವರೆಗೆ ಅವಕಾಶವಿತ್ತು. ಪ್ರತಿ ಉಳಿಸಿಕೊಂಡವರು ಅದನ್ನು ಬೇರೆಡೆಗೆ ಒಯ್ದರು. ಉಳಿದವು ಅಂದೇ ಅಳಿಸಿಹೋದವು.