ವಿನೆಗರಿನಲ್ಲಿ ಅದ್ದಿದ ರಹದಾರಿ

ಕ್ರಿ.ಶ. 1720ನೆಯ ಇಸವಿ, ಮೇ 25. ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಯ ಮಾರ್ಸೇಲ್ಸ್ ನಗರದ ಹೊರಗೆ, ಇಫ್ ಕೋಟೆಯನ್ನು ಹೊತ್ತು ನಿಂತ ಬಂಡೆಯ ಸಮೀಪ ಒಂದು ವ್ಯಾಪಾರಿ ಹಡಗು ಲಂಗರು ಇಳಿಸಿತು. ಅದರ ಹೆಸರು ಗ್ರಾನ್ ಸೇಂತ್ ಆಂತ್ವಾನ್. ಹತ್ತು ತಿಂಗಳ ಹಿಂದೆ ಇದೇ ಬಂದರಿನಿಂದ ಹಾಯಿ ಬಿಚ್ಚಿ ಹೊರಟಿದ್ದ ಹಡಗು ಈಗ ಸಿರಿಯಾ ತೀರದ ಹತ್ತಿ, ರೇಷ್ಮೆ, ಬಟ್ಟೆಗಳ ಮೂಟೆಗಳನ್ನು ಒಡಲ ತುಂಬ ತುಂಬಿಕೊಂಡು ಮರಳಿತ್ತು. ಸರಕಿನ ಬೆಲೆ ಸುಮಾರು 1 ಲಕ್ಷ ಎಕ್ಯು ಎಂಬ ಬೆಳ್ಳಿ ನಾಣ್ಯಗಳು. ಬೋಕೇರ್ ಎಂಬ ಊರಲ್ಲಿ ಜುಲೈ ತಿಂಗಳ ಕೊನೆಯಲ್ಲಿ ದೊಡ್ಡ ಜಾತ್ರೆ ನೆರೆಯುತ್ತಿತ್ತು; ಸರಕು ಮಾರಾಟವಾಗಬೇಕಾದದ್ದು ಅಲ್ಲಿ. ಈ ಜಾತ್ರೆಯ ತಾರೀಖನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಡೆದದ್ದರಲ್ಲಿ ಅದರ ಪಾಲು ದೊಡ್ಡದು.

ನಮ್ಮವರಲ್ಲಿ ಹೆಚ್ಚಿನವರಿಗೆ ಮಾರ್ಸೇಲ್ಸ್ ಎಂದರೆ 1910ರಲ್ಲಿ ಸಾವರ್ಕರ್ ಹಡಗಿನ ಕಿಂಡಿಯಿಂದ ಸಮುದ್ರಕ್ಕೆ ಜಿಗಿದ ಬಂದರು. ಅದಕ್ಕೂ ಇನ್ನೂರು ವರ್ಷ ಹಿಂದೆ ಅಲ್ಲಿ ಯಾರೂ ಹಾಗೆ ಸುಮ್ಮನೆ ದಡ ಸೇರುವಂತಿರಲಿಲ್ಲ. ಪರದೇಶದಿಂದ ಬಂದವನಿಗೆ ಇದ್ದ ವಿಧಿಯೇ ಬೇರೆ. ಕಪ್ತಾನನು ಹಡಗನ್ನು ದೂರದಲ್ಲಿ ಬಿಟ್ಟು, ಸಣ್ಣ ದೋಣಿಯಲ್ಲಿ ಆರೋಗ್ಯ ಕಚೇರಿಯ ಮುಂದಕ್ಕೆ ಬರಬೇಕು. ದೋಣಿಯಿಂದ ಇಳಿಯಕೂಡದು. ಎಲ್ಲಿಂದ ಬಂದೆ, ಯಾವ ಯಾವ ಬಂದರು ಮುಟ್ಟಿದೆ, ದಾರಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೇ, ಸತ್ತರೇ ಎಂದು ದಡದ ಮೇಲಿನಿಂದ ಅಧಿಕಾರಿ ಕೂಗಿ ಕೇಳುತ್ತಾನೆ. ಕಪ್ತಾನ ಪ್ರಮಾಣ ಮಾಡಿ ಉತ್ತರ ಹೇಳುತ್ತಾನೆ. ಆಮೇಲೆ ರಹದಾರಿ ತೋರಿಸಬೇಕು. ದಡದಿಂದ ಉದ್ದನೆಯ ಇಕ್ಕಳವೊಂದು ಚಾಚಿಕೊಳ್ಳುತ್ತದೆ. ಕಪ್ತಾನ ಕಾಗದವನ್ನು ಅದರ ಬಾಯಿಗೆ ಕೊಡುತ್ತಾನೆ. ಕಾಗದ ಮೊದಲು ಹೋಗುವುದು ಓದುವವನ ಕೈಗಲ್ಲ, ವಿನೆಗರ್ ತುಂಬಿದ ಬಟ್ಟಲಿಗೆ. ಚೆನ್ನಾಗಿ ತೊಯ್ದ ಮೇಲೆಯೇ ಅದನ್ನು ಬಿಡಿಸಿ ಓದುವುದು. ಮಸಿ ಕಲಸಿಹೋಗಿದ್ದರೆ ಅದು ಕಪ್ತಾನನ ಹಣೆಬರಹ.

ಆ ಕಾಗದ, ಹಡಗು ಹೊರಟ ಬಂದರಿನಲ್ಲಿದ್ದ ಫ್ರೆಂಚ್ ಪ್ರತಿನಿಧಿ ಬರೆದುಕೊಟ್ಟ ಆರೋಗ್ಯದ ರಹದಾರಿ. ಅದರಲ್ಲಿ ಮೂರು ಬಗೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಡಿ, ಅನುಮಾನ, ಮೈಲಿಗೆ. ಹೊರಟ ಊರಿನಲ್ಲಿ ಪ್ಲೇಗಿನ ಸುಳಿವಿಲ್ಲದಿದ್ದರೆ ಮಡಿ ರಹದಾರಿ. ಆಸುಪಾಸಿನಲ್ಲಿ ಸುದ್ದಿ ಇದ್ದರೆ ಅನುಮಾನದ್ದು. ಊರಲ್ಲೇ ಜನ ಸಾಯುತ್ತಿದ್ದರೆ ಮೈಲಿಗೆಯದು. ಮಡಿಯವರಿಗೂ ಕೆಲವು ದಿನ ಕಾಯುವುದು ತಪ್ಪುತ್ತಿರಲಿಲ್ಲ; ಮೈಲಿಗೆಯ ಹಡಗು ಮಾತ್ರ ಪಟ್ಟಣದಿಂದ ದೂರದ ಜಾರ್ ಎಂಬ ಬೋಳು ದ್ವೀಪಕ್ಕೆ ಹೋಗಿ ಕೊಳೆಯಬೇಕು. ಕಾಗದ ಹೇಳುತ್ತಿದ್ದದ್ದು ಅದನ್ನು ಬರೆದ ದಿನದ ಸ್ಥಿತಿಯನ್ನು. ಆಮೇಲೆ ಕಡಲಲ್ಲಿ ಏನಾಯಿತೆಂಬುದು ಅದಕ್ಕೆ ತಿಳಿಯದು. ಮೊನ್ನೆ ಮೊನ್ನೆ ಕೋವಿಡ್ ಕಾಲದಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಹಿಡಿದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಾಲು ನಿಂತವರಿಗೆ ಈ ಕೊರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಟ್ಟಳೆಗಳು ಮಾರ್ಸೇಲ್ಸಿನಲ್ಲಿ ಹುಟ್ಟಿದವಲ್ಲ. ಏಡ್ರಿಯಾಟಿಕ್ ಕಡಲಂಚಿನ ರಗೂಸ, ಈಗಿನ ಕ್ರೊಯೇಷಿಯಾದ ಡುಬ್ರೋವ್ನಿಕ್, 1377ರ ಜುಲೈ 27ರಂದು ತನ್ನ ಮಹಾಸಭೆಯಲ್ಲಿ ಒಂದು ಶಾಸನ ಮಾಡಿತು: ಪಿಡುಗಿನ ಸೀಮೆಯಿಂದ ಬಂದವರು ಮ್ರ್ಕಾನ್ ಎಂಬ ನಡುಗಡ್ಡೆಯಲ್ಲೋ ಚಾವ್ಟಾಟ್ ಎಂಬ ಊರಲ್ಲೋ ಒಂದು ತಿಂಗಳು ಕಳೆಯದೆ ನಗರಕ್ಕಾಗಲಿ ಅದರ ಸೀಮೆಗಾಗಲಿ ಕಾಲಿಡಕೂಡದು. ಅಪ್ಪಣೆಯಿಲ್ಲದೆ ಅವರನ್ನು ನೋಡಲು ಹೋದ ಊರಿನವನೂ ಅಲ್ಲೇ ಒಂದು ತಿಂಗಳು ಉಳಿಯಬೇಕು. ವ್ಯಾಪಾರವೇ ಉಸಿರಾಗಿದ್ದ ಪುಟ್ಟ ಗಣರಾಜ್ಯ ಅದು. ಬಾಗಿಲು ಮುಚ್ಚಿದರೆ ಹೊಟ್ಟೆಗಿಲ್ಲ, ತೆರೆದರೆ ಸಾವು. ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ, ಕಾಯಿಸಿತು. ಆ ಸಭೆಯ ಜಾಣತನಕ್ಕೆ ನಾನು ತಲೆಬಾಗುತ್ತೇನೆ. ಮೂವತ್ತು ದಿನ ಮುಂದೆ ನಲವತ್ತಾಯಿತು. ವೆನಿಸ್ 1423ರಲ್ಲಿ ರೋಗಿಗಳಿಗೆಂದು ಒಂದು ದ್ವೀಪವನ್ನು, 1468ರಲ್ಲಿ ಬಂದವರನ್ನು ಕಾಯಿಸಲೆಂದು ಇನ್ನೊಂದು ದ್ವೀಪವನ್ನು ಮೀಸಲಿಟ್ಟಿತು. ಅವರ ಆಡುನುಡಿಯಲ್ಲಿ ನಲವತ್ತಕ್ಕೆ ಇದ್ದ ಹೆಸರಿನಿಂದಲೇ ಕ್ವಾರಂಟೈನ್ ಎಂಬ ಪದ ಹುಟ್ಟಿ, 2020ರಲ್ಲಿ ನಮ್ಮ ಹಳ್ಳಿಯ ಅಜ್ಜಿಯರ ಬಾಯಲ್ಲೂ ನಲಿದಾಡಿತು. ಆ ವರ್ಷ ವಿದೇಶದಿಂದ ಬಂದಿಳಿದವರ ಮುಂಗೈಗೆ ನಮ್ಮ ಸರ್ಕಾರ ಮುದ್ರೆ ಒತ್ತಿದ್ದನ್ನು ನೆನೆದರೆ, ಇಕ್ಕಳ ಹಿಡಿದಿದ್ದ ಆ ಅಧಿಕಾರಿ ಅಷ್ಟೇನೂ ಪರಕೀಯನೆನಿಸುವುದಿಲ್ಲ.

ಮರಳಿ ಹಡಗಿನತ್ತ ಬರೋಣ. ಕಪ್ತಾನನ ಹೆಸರು ಜಾನ್ ಬಾಪ್ತಿಸ್ತ್ ಶಾತೊ. ಅವನು ಜನವರಿ ಕೊನೆಯಲ್ಲಿ ಸಿರಿಯಾ ತೀರದ ಸೈದಾ ಬಂದರಿನಿಂದ ಮಡಿ ರಹದಾರಿಯೊಂದಿಗೆ ಹೊರಟ. ಬಿರುಗಾಳಿಗೆ ಹಡಗು ಜಖಂ ಆಗಿ, ರಿಪೇರಿಗೆಂದು ಟ್ರಿಪೋಲಿಯಲ್ಲಿ, ಎಂದರೆ ಈಗಿನ ಲೆಬನಾನಿನ ಊರಿನಲ್ಲಿ, ತಂಗಬೇಕಾಯಿತು. ಅಲ್ಲಿ ಮತ್ತಷ್ಟು ಸರಕು ಏರಿತು, ಸೈಪ್ರಸ್‌ವರೆಗೆ ಹೋಗುವ ಕೆಲವು ತುರ್ಕಿ ಪ್ರಯಾಣಿಕರು ಹತ್ತಿಕೊಂಡರು. ಏಪ್ರಿಲ್‌ನಲ್ಲಿ ಹಡಗು ಕಡಲಲ್ಲಿದ್ದಾಗ ಪ್ರಯಾಣಿಕರಲ್ಲೊಬ್ಬ ಸತ್ತ. ಆಮೇಲೆ ನಾವಿಕರು ಒಬ್ಬೊಬ್ಬರಾಗಿ ಬಿದ್ದರು. ಔಷಧಿ ಕೊಡಬೇಕಾದ ಹಡಗಿನ ವೈದ್ಯನೂ ಹೋದ. ಶಾತೊ ಹಡಗಿನ ಹಿಂಬದಿಯ ಕೋಣೆ ಸೇರಿಕೊಂಡು ಅಲ್ಲಿಂದಲೇ ಅಪ್ಪಣೆ ಕೊಡತೊಡಗಿದ.

ಮೇ ಮೊದಲ ವಾರ ಅವನು ಟೂಲೋನ್ ಬಳಿಯ ಒಂದು ಕೊಲ್ಲಿಯಲ್ಲಿ ಗುಟ್ಟಾಗಿ ನಿಂತು ಮಾಲೀಕರಿಗೆ ಸುದ್ದಿ ಮುಟ್ಟಿಸಿದ. ಆಮೇಲೆ ಮಾಡಿದ್ದು ವಿಚಿತ್ರ. ಮನೆ ಬಾಗಿಲಿಗೆ ಬಂದ ಹಡಗು ಮೂತಿ ತಿರುಗಿಸಿ ಇಟಲಿಯ ಲಿವೋರ್ನೊಗೆ ಹೋಯಿತು. ಲಿವೋರ್ನೊದವರು ಒಳಗೆ ಬಿಡಲಿಲ್ಲ. ಅಲ್ಲಿಯೂ ಮೂವರು ಸತ್ತರು. ಅಲ್ಲಿನ ವೈದ್ಯರು ನೋಡಿ, ಇದು ಕೆಟ್ಟ ಜ್ವರ ಎಂದು ಬರೆದುಕೊಟ್ಟರು. ಜ್ವರ ಎಂದ ಮೇಲೆ ಅದು ಪ್ಲೇಗಲ್ಲ. ಶಾತೊಗೆ ಬೇಕಾದದ್ದೂ ಅಂಥದೊಂದು ಬರಹವೇ. ಹೀಗೆ ಮಡಿ ರಹದಾರಿಗಳ ಕಟ್ಟು ಹಿಡಿದು ಅವನು ಮಾರ್ಸೇಲ್ಸಿನ ಕಟ್ಟೆಯ ಮುಂದೆ ಬಂದ. ಸಾವುಗಳನ್ನು ಮುಚ್ಚಿಡಲಿಲ್ಲ, ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. ಕಾರಣ ಮಾತ್ರ ಕೆಟ್ಟ ಆಹಾರ ಎಂದು ದಫ್ತರಿನಲ್ಲಿ ದಾಖಲಾಯಿತು.

ಎರಡು ದಿನ ಕಳೆದು ಹಡಗಿನ ಮೇಲೆಯೇ ಇನ್ನೊಬ್ಬ ನಾವಿಕ ಸತ್ತ. ಕಚೇರಿಯ ಶಸ್ತ್ರವೈದ್ಯ ಹೆಣ ನೋಡಿ, ಅಂಟುರೋಗದ ಗುರುತಿಲ್ಲ ಎಂದ. ಆರೋಗ್ಯ ಕಚೇರಿಯನ್ನು ನಡೆಸುತ್ತಿದ್ದವರು 16 ಮಂದಿ ಗಣ್ಯರು, ಬಹುತೇಕ ಎಲ್ಲರೂ ಕಡಲ ವ್ಯಾಪಾರದ ಬಂಧು ಬಳಗದವರೇ. ಮೊದಲು ಅವರು ಹಡಗನ್ನು ಜಾರ್ ದ್ವೀಪಕ್ಕೆ ಕಳಿಸಬೇಕೆಂದರು. ಕೆಲವೇ ದಿನಗಳಲ್ಲಿ ಮಾತು ಬದಲಾಯಿತು: ಸರಕನ್ನು ಪಟ್ಟಣದ ಉತ್ತರಕ್ಕಿದ್ದ ಲಜರೆಟ್ ಎಂಬ ತಡೆವಾಸದ ಉಗ್ರಾಣಕ್ಕೆ ತಂದು ಇಳಿಸಬಹುದು. ಹಡಗಿನಲ್ಲಿ ಪಾಲುದಾರರಾಗಿದ್ದವರಲ್ಲಿ ಒಬ್ಬ ಜಾನ್ ಬಾಪ್ತಿಸ್ತ್ ಎಸ್ತೆಲ್, ನಗರದ ಪುರಪ್ರಮುಖರಲ್ಲಿ ಮೊದಲಿಗ. ಜಾತ್ರೆಗೆ ಇನ್ನು ಸುಮಾರು ಏಳು ವಾರ ಮಾತ್ರ ಉಳಿದಿತ್ತು. ಯಾರು ಯಾರ ಕಿವಿಯಲ್ಲಿ ಏನು ಹೇಳಿದರೆಂದು ಯಾವ ದಫ್ತರವೂ ಬರೆದಿಡುವುದಿಲ್ಲ. ಆದರೆ ಮಡಿಯ ಹಡಗೊಂದಕ್ಕೆ ಇಷ್ಟು ಹೆಣ ಬಿದ್ದ ಮೇಲೂ ಅದು ಮಡಿಯಾಗಿಯೇ ಉಳಿಯಬೇಕಾದರೆ ಬರಿಯ ಮರೆವು ಸಾಲದು ಎಂಬುದು ನನ್ನ ಎಣಿಕೆ.

ಉಗ್ರಾಣದಲ್ಲಿ ಮೂಟೆ ಬಿಚ್ಚಿ ಗಾಳಿಗೆ ಹರಡುವುದು ಹಮಾಲರ ಕೆಲಸ. ಮೂಟೆಯ ಹೊಟ್ಟೆ ಸೀಳಿ, ಬರಿಗೈಯನ್ನು ಭುಜದವರೆಗೂ ಹತ್ತಿಯೊಳಗೆ ತೂರಿಸಿ ಮಗುಚಬೇಕು. ವಿಷ ಇದ್ದರೆ ಅದು ಮೊದಲು ಹಮಾಲನಿಗೆ ತಗಲುತ್ತದೆ, ಊರಿಗೆ ಗೊತ್ತಾಗುತ್ತದೆ. ಹಮಾಲನ ಮೈಯೇ ಆ ಕಾಲದ ಪರೀಕ್ಷಾಲಯ. ಜೂನ್ 14ರಂದು ಪ್ರಯಾಣಿಕರಿಗೆ ಕೊನೆಯ ಬಾರಿ ಹೊಗೆ ಹಾಕಿ, ಗಂಟುಮೂಟೆ ಸಮೇತ ಊರೊಳಗೆ ಬಿಟ್ಟರು. ಜೂನ್ ಮುಗಿಯುವುದರೊಳಗೆ ಮೂಟೆ ಮಗುಚಿದ ಹಮಾಲರು ಸಾಲಾಗಿ ಸತ್ತರು. ಪರೀಕ್ಷೆಯ ಫಲಿತಾಂಶ ಬಂದಿತ್ತು, ಓದುವವರು ಇರಲಿಲ್ಲ. ಹಡಗನ್ನು ಜಾರ್ ದ್ವೀಪಕ್ಕೆ ಅಟ್ಟುವಷ್ಟರಲ್ಲಿ ಜೂನ್ ಕೊನೆಯಾಗಿತ್ತು. ಅಷ್ಟರಲ್ಲೇ, 20ನೆಯ ತಾರೀಖು, ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಯೊಂದರಲ್ಲಿ ಒಬ್ಬ ಹೆಂಗಸು ಕೆಲವೇ ಗಂಟೆಗಳ ಕಾಯಿಲೆಯಿಂದ ತೀರಿಕೊಂಡಿದ್ದಳು. ಎಂಟು ದಿನ ಬಿಟ್ಟು ಒಬ್ಬ ದರ್ಜಿ.

ಮಡಿಚಿದ ಬಟ್ಟೆಯ ನಡುವೆ ಕುಳಿತು ಬಂದದ್ದು ಏನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಪ್ಲೇಗಿನ ರೋಗಾಣುವನ್ನು ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಗುರುತಿಸಿದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹೊರುತ್ತದೆಂದು ಸಿಮೊಂ ಕಂಡುಕೊಂಡದ್ದು 1898ರಲ್ಲಿ, ನಮ್ಮ ಉಪಖಂಡದಲ್ಲೇ, ಕರಾಚಿಯಲ್ಲಿ. ಕಾಗದವನ್ನು ವಿನೆಗರಿನಲ್ಲಿ ನೆನೆಸಿದವರು ಮೂಟೆಯನ್ನು ಬರಿಯ ಗಾಳಿಗೆ ಬಿಟ್ಟಿದ್ದರು.

ಜುಲೈ 9ರಂದು ಪೇಸೊನೆಲ್ ಎಂಬ ವೈದ್ಯರು, ತಂದೆ ಮಗ ಇಬ್ಬರೂ, ಒಂದು ಮಗುವನ್ನು ನೋಡಿ ಬಂದು ಪುರಪ್ರಮುಖರಿಗೆ ನೇರವಾಗಿ ಪ್ಲೇಗ್ ಎಂದರು. ಪುರಪ್ರಮುಖರು ಮೊದಲು ಮಾಡಿದ್ದು ಸದ್ದಡಗಿಸುವ ಕೆಲಸ. ರಾತ್ರಿ ಹೊತ್ತು ರೋಗಿಗಳನ್ನು ಹೊತ್ತೊಯ್ದು, ಮನೆಯ ಬಾಗಿಲಿಗೆ ಗಾರೆ ಮೆತ್ತಿಸಿದರು. ಜುಲೈ 31ಕ್ಕೆ ಎಕ್ಸ್ ನಗರದ ಉಚ್ಚ ನ್ಯಾಯಸಭೆ ಆಜ್ಞೆ ಹೊರಡಿಸಿತು: ಮಾರ್ಸೇಲ್ಸಿನವರು ತಮ್ಮ ಸೀಮೆ ದಾಟಕೂಡದು, ಹೊರಗಿನವರು ಅವರೊಡನೆ ಸಂಪರ್ಕ ಇಡಕೂಡದು, ಮೀರಿದವರಿಗೆ ಮರಣದಂಡನೆ. ಆಗಸ್ಟ್ ಕೊನೆಯ ಹೊತ್ತಿಗೆ ದಿನಕ್ಕೆ ಸಾವಿರದಷ್ಟು ಹೆಣ. ಅಲ್ಲಿನ ಆ ತಿಂಗಳುಗಳನ್ನು ವಿವರಿಸಲು ನನಗೆ ಮನಸ್ಸಿಲ್ಲ; ಸುಮಾರು 90,000 ಜನರಿದ್ದ ನಗರದಲ್ಲಿ 40,000ದಷ್ಟು ಮಂದಿ ಹೋದರೆಂದರೆ ಸಾಕು. ಸೆಪ್ಟೆಂಬರ್ 26ರಂದು ಫ್ರಾನ್ಸಿನ ರಾಜಪ್ರತಿನಿಧಿಯ ಅಪ್ಪಣೆಯಂತೆ ಹಡಗನ್ನು ಜಾರ್ ದ್ವೀಪದಲ್ಲಿ ಸುಟ್ಟರು. ಶಾತೊ ಆಗಲೇ ಇಫ್ ಕೋಟೆಯ ಸೆರೆಯಲ್ಲಿದ್ದ. 1723ರವರೆಗೂ ಅಲ್ಲೇ ಇದ್ದ. ಎಸ್ತೆಲನಿಗೆ ಶಿಕ್ಷೆಯಾಗಲಿಲ್ಲ, ದೊರೆಯಿಂದ ಗೌರವವೇ ದೊರೆಯಿತು.

ಈಗ ಯುರೋಪಿನ ಎಲ್ಲ ಬಾಗಿಲುಗಳೂ ಒಮ್ಮೆಲೆ ಬಡಿದುಕೊಂಡವು. ಇಂಗ್ಲೆಂಡ್ 1721ರಲ್ಲಿ ಹೊಸ ಕ್ವಾರಂಟೈನ್ ಕಾಯಿದೆ ತಂದಿತು. ಮಾರ್ಸೇಲ್ಸ್ ಇರುವ ಪ್ರೊವಾನ್ಸ್ ಸೀಮೆಯಲ್ಲಿ ಪಕ್ಕದೂರಿಗೆ ಹೋಗುವವನೂ ಆರೋಗ್ಯ ಚೀಟಿ ಹಿಡಿಯಬೇಕಾಯಿತು. ಒಬ್ಬನ ಚೀಟಿ ಇನ್ನೊಬ್ಬ ತೋರಿಸಬಾರದೆಂದು ಅದರಲ್ಲಿ ವಯಸ್ಸು, ಎತ್ತರ, ಕೂದಲಿನ ಬಣ್ಣವನ್ನೂ ಬರೆಯುತ್ತಿದ್ದರು. ಫೋಟೋ ಇಲ್ಲದ ಕಾಲದ ಪಾಸ್‌ಪೋರ್ಟು ಅದು.

ಎಲ್ಲಕ್ಕಿಂತ ದೊಡ್ಡ ಬಾಗಿಲು ಬಿದ್ದದ್ದು ಒಳನಾಡಿನಲ್ಲಿ. ಅವಿನ್ಯೊನ್ ಸುತ್ತಲಿನ ಸೀಮೆ ಆಗ ಫ್ರಾನ್ಸಿನದಲ್ಲ, ರೋಮಿನ ಪೋಪರದು. ಪ್ಲೇಗು ತಮ್ಮತ್ತ ಹರಿದು ಬರುವುದನ್ನು ಕಂಡು, ಆ ಸೀಮೆಯ ಊರೂರಿನಿಂದ ಆಳುಗಳನ್ನು ತರಿಸಿ, ಗುಡ್ಡದ ಮೇಲೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಸುಮಾರು 27 ಕಿಲೋಮೀಟರ್ ಉದ್ದದ, ಆಳೆತ್ತರದ ಗೋಡೆ ಎಬ್ಬಿಸಿದರು. ನಡುನಡುವೆ ಕಾವಲಿನ ಗುಡಿಸಲು. 1721ರ ಜುಲೈಯಲ್ಲಿ ಕೆಲಸ ಮುಗಿಯಿತು. ಪೋಪರ ಸಿಪಾಯಿಗಳು ಫ್ರಾನ್ಸಿನ ಕಡೆಗೆ ಮುಖ ಮಾಡಿ ಪಹರೆ ನಿಂತರು.

ಆಗಸ್ಟ್‌ನಲ್ಲಿ ಅವಿನ್ಯೊನ್ ನಗರದೊಳಗೆ ಪ್ಲೇಗು ಕಾಣಿಸಿಕೊಂಡಿತು. ಗೋಡೆಯನ್ನು ಕೆಡವಲಿಲ್ಲ. ಪೋಪರ ಸಿಪಾಯಿಗಳು ಹೊರಟುಹೋದರು. ಅವರ ಜಾಗಕ್ಕೆ ಫ್ರಾನ್ಸಿನ ಸಿಪಾಯಿಗಳು ಬಂದು, ಅದೇ ಗುಡಿಸಲುಗಳಲ್ಲಿ ಕುಳಿತು, ಗೋಡೆ ಕಟ್ಟಿದವರು ಗೋಡೆ ದಾಟದಂತೆ ಕಾವಲು ಕಾದರು.