ಬೀಳು ನೆಲದಿಂದ ಜೋಳದ ಕಣಜಕ್ಕೆ

ಸ್ವಂತ ಭೂಮಿಯಿದ್ದೂ ಬಡವರು ಹಸಿದಿರುವುದೇಕೆ? ಈ ಪ್ರಶ್ನೆಗೆ ಬೀದರಿನ ನೆರೆಯ ಜಹೀರಾಬಾದ್ ಸೀಮೆಯ ಇತಿಹಾಸದಲ್ಲಿ ಉತ್ತರವಿದೆ. ಅಂದು ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಸೇರಿದ್ದ ಈ ಪ್ರದೇಶ ಇಂದು ತೆಲಂಗಾಣದಲ್ಲಿದೆ. ಇಲ್ಲಿನ ದಲಿತ ಕುಟುಂಬಗಳಿಗೆ ಸರ್ಕಾರದಿಂದ ದೊರೆತ ಜಮೀನು ಬಹುಪಾಲು ಬರಡು. ಉಳುಮೆಗೂ ಗೊಬ್ಬರಕ್ಕೂ ಹಣವಿಲ್ಲದೆ ಅದು ಬೀಳುಬಿದ್ದಿತ್ತು. ಒಡೆಯರು ಕೂಲಿಗೆ ಹೋಗುತ್ತಿದ್ದರು.

1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇಲ್ಲಿ ಕೆಲಸ ಆರಂಭಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಮೈಸೂರಿನ ಪಿ.ವಿ. ಸತೀಶ್ ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. 1990ರ ದಶಕದ ಮಧ್ಯಭಾಗದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ, ಮಹಿಳಾ ಸಂಘಗಳು 30ಕ್ಕೂ ಹೆಚ್ಚು ಹಳ್ಳಿಗಳಲ್ಲಿ 2,500ಕ್ಕೂ ಹೆಚ್ಚು ಎಕರೆ ಬೀಳನ್ನು ಸಾಗುವಳಿಗೆ ತಂದವು. ಸಾಲ ಕೊಟ್ಟದ್ದು ಹಣದಲ್ಲಿ, ತೀರಿಸಿದ್ದು ಜೋಳದಲ್ಲಿ! ಆ ಜೋಳ ಊರಲ್ಲೇ ಉಳಿದು, ಮನೆಯ ಕಾಳು ಮುಗಿಯುವ ಮಳೆಗಾಲದಲ್ಲಿ ಕಡಿಮೆ ಬೆಲೆಗೆ ಬಡವರಿಗೆ ದೊರೆಯಿತು. ಯಾರು ಕಡುಬಡವರೆಂದು ನಿರ್ಧರಿಸಿದವರೂ ಊರಿನವರೇ. ಜೊತೆಗೆ ಬಿತ್ತಿದ ತೊಗರಿಯ ಬೇರುಗಂಟುಗಳಲ್ಲಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಮಣ್ಣಿಗೂ ಸಾರ ಕೊಟ್ಟವು.

2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ಪಡಿತರದ ಅಕ್ಕಿ ದೂರದಿಂದ ಬರಬೇಕು. ಈ ಜೋಳ ಅದೇ ಊರಿನ ಮಣ್ಣಿನದು.

ವಿದ್ಯಾರ್ಥಿಗಳೇ, ನಿಮ್ಮೂರಿನ ಬೀಳು ಭೂಮಿ ಯಾರದು? ಅದು ಬೀಳಾದದ್ದೇಕೆ? ಹಿರಿಯರನ್ನು ಕೇಳಿ ತಿಳಿಯಿರಿ.