ಚೆಂಗಲ್ಪಟ್ಟಿನ ಒಂದು ದಾವೆ

ಜಿಡ್ಡು ಕೃಷ್ಣಮೂರ್ತಿಯವರ ಬಾಲ್ಯದ ಬಗ್ಗೆ ಓದುವಾಗ ನನ್ನನ್ನು ತಡೆದು ನಿಲ್ಲಿಸುವುದು ಅವರ ತಂದೆ ನಾರಾಯಣಯ್ಯ ಹೂಡಿದ ದಾವೆ. 1910ರಲ್ಲಿ ಇಬ್ಬರು ಮಕ್ಕಳ ಪಾಲನೆಯನ್ನು ಆನಿ ಬೆಸೆಂಟ್ ಅವರಿಗೆ ಬರೆದುಕೊಟ್ಟಿದ್ದ ಅವರು, 1912ರಲ್ಲಿ ಮಕ್ಕಳನ್ನು ಮರಳಿಸಿ ಎಂದು ಚೆಂಗಲ್ಪಟ್ಟು ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ದಾವೆ ಮದ್ರಾಸ್ ಹೈಕೋರ್ಟಿಗೆ ವರ್ಗವಾಗಿ ನ್ಯಾಯಮೂರ್ತಿ ಬೇಕ್‌ವೆಲ್ ಅವರ ಮುಂದೆ ಬಂತು. ಬೆಸೆಂಟ್ ತಾವೇ ವಾದಿಸಿ ಸೋತರು, ಮೇಲ್ಮನವಿಯಲ್ಲೂ ಅಷ್ಟೇ.

1914ರಲ್ಲಿ ಪ್ರಿವಿ ಕೌನ್ಸಿಲ್ ದಾವೆಯನ್ನೇ ವಜಾ ಮಾಡಿತು. ಕೊಟ್ಟ ಮಾತನ್ನು ತಂದೆ ಹಿಂದಕ್ಕೆ ಪಡೆಯಬಹುದೆಂದು ಅದೂ ಒಪ್ಪಿತು. ಆದರೆ ಮಕ್ಕಳಿದ್ದದ್ದು ಇಂಗ್ಲೆಂಡಿನಲ್ಲಿ. ಚೆಂಗಲ್ಪಟ್ಟಿನ ಕೋರ್ಟಿಗೆ ಅಧಿಕಾರವೇ ಇರಲಿಲ್ಲ. ಇಲ್ಲದ ಅಧಿಕಾರ ವರ್ಗಾವಣೆಯಿಂದ ಹುಟ್ಟೀತೆ? ಹುಡುಗರ ಇಷ್ಟವನ್ನು ಮದ್ರಾಸಿನಲ್ಲಿ ವಿಚಾರಿಸಿರಲೂ ಇಲ್ಲ. ಈ ಆಕ್ಷೇಪ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಬೇಕಿದ್ದರೆ ಇಂಗ್ಲೆಂಡಿನ ಹೈಕೋರ್ಟಿಗೆ ಅರ್ಜಿ ಹಾಕಬಹುದು ಎಂದರು. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿದ್ದ ನಾರಾಯಣಯ್ಯನವರಿಗೆ!